ಹಂಪಯ್ಯ ಕಿತ್ತ ಕಳೆ

ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿ ಬೆನ್ನು ಕೈಕೊಟ್ಟ ಮೇಲೆ ಹಂಪಯ್ಯ ತೆಲುಗು ನಾಡಿನ ಸನತ್‌ನಗರದ ಮುಚ್ಚಿದ ಕಾರ್ಖಾನೆಯೊಂದಕ್ಕೆ ಕಾವಲುಗಾರನಾಗಿ ಸೇರಿದ. ರಾಯಚೂರು ಕಡೆಯವನು. ಹೆಂಡತಿ ಹುಸೇನಮ್ಮ ಗಚ್ಚಿಬೌಲಿಯಲ್ಲಿ ಇಟ್ಟಿಗೆ ಹೊರಲು ಹೋದರೆ, ಇವನಿಗೆ ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಮಾತಿಗೊಬ್ಬರೂ ಇರಲಿಲ್ಲ. ಹಾಗಾಗಿ ಮಂದಾಕಿನಿ ಮೇಡಂ ಬಂದು ಕನ್ನಡದಲ್ಲಿ ಮಾತಾಡಿಸಿದಾಗ ಜೀವಕ್ಕೆ ತಂಪಾಗಿತ್ತು.

ಆಕೆ ಕಲಬುರಗಿಯವಳು, ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಕಾರ್ಖಾನೆಯ ಹಿತ್ತಲಲ್ಲಿ ನೆಲಕ್ಕಂಟಿ ಹರಿಯುವ ಒಂದು ಕಳೆಯ ಮೇಲೆ ಪಿಎಚ್‌ಡಿ ಮಾಡಲು ಹೊರಟಿದ್ದಳು. ಅದರದು ಪುಟ್ಟ ಎಲೆ, ರೋಮದ ದಂಟು, ಬಿಸಿಲೇರಿದ ಮೇಲೆ ಅರಳುವ ತಿಳಿಹಳದಿ ಹೂವು.

"ಇದು ದಾಸವಾಳದ ಕುಲದ್ದು ಅಣ್ಣಾ. ಬೆಂಡಿ, ಹತ್ತಿ ಎಲ್ಲಾ ಇದರ ಬಳಗಾನೇ."

"ಅಷ್ಟು ದೊಡ್ಡ ಬಳಗ ಇದ್ದೂ ಇದಕ್ಕ ಈ ಗತಿ ಐತಲ್ರೀ ಮೇಡಂ!"

ಆಕೆ ಬಾಯಿತುಂಬ ನಕ್ಕಿದ್ದಳು. ಒಂದು ತುಂಡು ನೆಲಕ್ಕೆ ಗೂಟ ಬಡಿದು ಹಗ್ಗ ಕಟ್ಟಿಸಿದಳು. ಎಲೆಯ ಅಡಿಗೆ ತತ್ತಿ ಇಡಲು ಬರುವ ಚುಕ್ಕಿ ಚಿಟ್ಟೆ, ಹೂವಿಗೆ ಬರುವ ಸಣ್ಣ ಜೇನು, ಆಡು ತುಳಿದಷ್ಟೂ ಅಡ್ಡಕ್ಕೆ ಹಬ್ಬುವ ಬಳ್ಳಿ ಎಲ್ಲವನ್ನೂ ಅವನಿಗೆ ತೋರಿಸಿದಳು. ಉದುರಿದ ಬೀಜಗಳಲ್ಲಿ ಕೆಲವು ಮಣ್ಣಿನಲ್ಲೇ ಮಲಗಿರುತ್ತವಂತೆ. ಅವು ಯಾವ ಮಳೆಗೆ ಏಳುತ್ತವೆ ಎಂದು ತಿಳಿಯಲು ಮೂರು ಮಳೆಗಾಲ ಅಲ್ಲಿ ಯಾರೂ ಕೈಯಾಡಿಸಬಾರದು. ಹಂಪಯ್ಯ ಬೆನ್ನುನೋವಿನಲ್ಲೂ ಕೋಲು ಹಿಡಿದು ಆಡುಗಳನ್ನು ಅಟ್ಟಿದ. ಹಬ್ಬಕ್ಕೆ ಆಕೆ ಅವನಿಗೂ ಹುಸೇನಮ್ಮನಿಗೂ ಹೋಳಿಗೆ ಕಟ್ಟಿಕೊಂಡು ಬರುತ್ತಿದ್ದಳು.

ಮೂರನೆಯ ವರ್ಷ ಮಾಲೀಕರು ಜಾಗ ಮಾರಲು ಹೊರಟರು. ನೋಡಲು ಬರುವವರಿಗಾಗಿ ಹಿತ್ತಲನ್ನೆಲ್ಲ ಸಾಫ್ ಮಾಡು ಎಂದು ಮ್ಯಾನೇಜರ್ ಹೇಳಿದ.

"ಮೇಡಂದು ಅಷ್ಟು ಬಿಡ್ತೀನ್ರಿ ಸಾರ್."

"ಯಾವ ಮೇಡಂ? ಒಂದು ಎಲೆ ಉಳಿದರೂ ನಿನ್ನ ಡ್ಯೂಟಿ ಖತಂ."

ಹಂಪಯ್ಯ ಆಕೆಗೆ ಮತ್ತೆ ಮತ್ತೆ ಫೋನ್ ಹಚ್ಚಿದ. ಎತ್ತಲಿಲ್ಲ, ಪಾಠದಲ್ಲಿದ್ದಳೇನೋ. ಕೊನೆಗೆ ಹಗ್ಗ ಬಿಚ್ಚಿ, ಕೂತಲ್ಲೇ ಸರಿಯುತ್ತ, ಕಳೆಯನ್ನೆಲ್ಲ ಕಿತ್ತು ಹಾಕಿದ. ಗಟ್ಟಿ ಬೇರು, ಜಗ್ಗಿದಷ್ಟೂ ಬೆನ್ನು ಹಿಡಿಯಿತು.

ಮಧ್ಯಾಹ್ನ ಬಂದ ಆಕೆ ಬೋಳು ನೆಲ ನೋಡಿ ನಿಂತುಬಿಟ್ಟಳು.

"ಮೂರು ವರ್ಷದ ಕೆಲಸ! ಯಾರು ಹೇಳಿದ್ರು ನಿನಗ?"

ನೀವು ಎನ್ನುತ್ತಿದ್ದವಳ ಬಾಯಲ್ಲಿ ನಿನಗ ಎಂದು ಬಂದದ್ದು ಅವನಿಗೆ ಮೊದಲು ಕೇಳಿಸಿತು. ನಡೆದದ್ದನ್ನು ಹೇಳಿದ. ಆಕೆ ಅವನಿಂದಲೇ ನಂಬರ್ ಇಸಿದುಕೊಂಡು ಮ್ಯಾನೇಜರಿಗೆ ಫೋನ್ ಮಾಡಿ ತೆಲುಗಿನಲ್ಲಿ ಕೇಳಿದಳು. ತನಗೇನೂ ಗೊತ್ತಿಲ್ಲ, ಮುದುಕ ತನ್ನಷ್ಟಕ್ಕೇ ಮಾಡಿರಬೇಕು ಎಂದು ಅವನು ಹೇಳಿದ್ದು ಹಂಪಯ್ಯನಿಗೂ ಕೇಳಿತು.

"ಮ್ಯಾಲೆ ಸುಳ್ಳು ಬ್ಯಾರೆ," ಎಂದಳು ಆಕೆ.

ಅವನು ಬಿಚ್ಚಿದ ಹಗ್ಗವನ್ನು ಸುತ್ತತೊಡಗಿದ. ಮೂರು ವರ್ಷ ತನ್ನನ್ನು ನೋಡಿದವಳು, ಮುಖ ಕಾಣದ ಮನುಷ್ಯನ ಒಂದು ಮಾತನ್ನು ನಂಬಿದ್ದಳು. ಕಾವಲಿಗೆ ಜನ ಕೊಡುವ ಏಜೆನ್ಸಿಗೂ ದೂರು ಕೊಟ್ಟಳು. ವಾರದೊಳಗೆ ಅವನನ್ನು ತೆಗೆದುಹಾಕಿದರು.

ಶಂಶಾಬಾದಿನ ಪಾರ್ಕಿಂಗ್ ಜಾಗವೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕೂರುವಂತಿಲ್ಲ, ದಿನವಿಡೀ ನಿಂತೇ ಇರಬೇಕು. ರಾತ್ರಿ ಬೆನ್ನಿಗೆ ಎಣ್ಣೆ ತಿಕ್ಕುವಾಗೆಲ್ಲ ಹುಸೇನಮ್ಮ ಆ ಮೇಡಂಗೆ ಶಾಪ ಹಾಕುತ್ತಿದ್ದಳು.

ಮಳೆ ಹಿಡಿದ ಮೇಲೆ ಒಂದು ರವಿವಾರ ಆಕೆಯ ಫೋನ್ ಬಂತು.

"ಅಣ್ಣಾ, ಜಾಗ ಮಾರಾಟ ಆಗಲಿಲ್ಲ. ಬಳ್ಳಿ ಮತ್ತ ಹುಟ್ಯಾವ, ಮೊದಲಿಗಿಂತ ದಟ್ಟ! ಕಿತ್ತಿದ್ದೂ ಒಂಥರಾ ಛಲೋನೇ ಆತು, ಮಲಗಿದ್ದ ಬೀಜೆಲ್ಲಾ ಎದ್ದಾವ. ಆದ್ರ ಹೊಸ ವಾಚ್‌ಮ್ಯಾನ್ ಒಳಗ ಬಿಡವಲ್ಲ. ಹಿಂದಿನ ಗೇಟಿನ ಕೀಲಿ ಯಾರ ಹತ್ರ ಐತಿ?"

ಹಂಪಯ್ಯ ಬೆನ್ನು ಹಿಡಿದು ಎದ್ದು ಕೂತ.

"ಕೀಲಿ ಬ್ಯಾಡ್ರಿ ಮೇಡಂ. ಚಿಲಕ ಮುರದೈತಿ, ಎತ್ತಿ ದೂಡಿದ್ರ ತೆರೀತೈತಿ."

"ಥ್ಯಾಂಕ್ಸ್ ಅಣ್ಣಾ," ಎಂದು ಆಕೆ ಫೋನ್ ಇಟ್ಟಳು.

ಹುಸೇನಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. "ಈಗ ಎಲ್ಲಿ ಅದೀರಿ ಅಂತ ಕೇಳಿದಳೇನು?"

"ಇಲ್ಲ," ಎಂದು ಹಂಪಯ್ಯ ಗೋಡೆಯ ಕಡೆ ಹೊರಳಿ ಮಲಗಿದ.