ಪಡಸಾಲೆಯ ಗೋಡೆಗೊಂದು ತೂತು

ಬಳ್ಳಾರಿಯಲ್ಲಿ ಕೂತು ಸಮುದ್ರ ಸಾಕುತ್ತೇನೆಂದರೆ ನಗದವರಿಲ್ಲ. ನಗಲಿ, ನನಗೇನು! ಸತ್ಯನಾರಾಯಣಪೇಟೆಯ ನಮ್ಮ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು, ಒಂದು ಜೋಡಿ ಮೀನು, ಚೂರಿನಿಂದ ನಾನೇ ಬೆಳೆಸಿದ ಮೆತ್ತನೆಯ ಜೀವಂತ ಹವಳಗಳಿದ್ದವು. ತೊಟ್ಟಿಯ ಪಕ್ಕದಲ್ಲೇ ಅವ್ವನ ಮಂಚ.

ರಾರಾವಿಯ ಗದ್ದೆ ಹಂಚಿಕೊಳ್ಳುವಾಗ ಅಣ್ಣನಿಗೂ ನನಗೂ ಒಂದು ಮಾತು ಹೆಚ್ಚುಕಮ್ಮಿ ಬರಲಿಲ್ಲ. ಮನೆ ಹಂಚುವಾಗ ಬಂತು. ಪಡಸಾಲೆಯ ಹಿಂದಿನ ಕಿಟಕಿ ತೆರೆಯುತ್ತಿದ್ದುದು ಅಂಗಳಕ್ಕೆ. ಅಂಗಳ ಅವನ ಪಾಲಿಗೆ ಹೋಯಿತು. "ನನ್ನ ಅಂಗಳದಾಗ ನಿನ್ನ ಕಿಟಕಿ ಯಾಕಲೇ?" ಎಂದವನೇ ಗೌಂಡಿಯನ್ನು ಕರೆಸಿ ಇಟ್ಟಿಗೆ ಕಟ್ಟಿಸಿ ಮುಚ್ಚಿಬಿಟ್ಟ. ಒಡಹುಟ್ಟಿದವನು! ಬೀದಿ ಕಡೆಯ ಕಿಟಕಿ ತೆರೆದರೆ ಕೆಂಧೂಳು, ಉರಿಬಿಸಿಲು. ಅದನ್ನೂ ಮುಚ್ಚಿ ಏಸಿ ಹಾಕಿಕೊಂಡು ಕೂತೆವು.

ಆಮೇಲೆ ಹವಳಗಳು ಮುದುಡತೊಡಗಿದವು. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಹೇಳುವುದು ಪಿಎಚ್. ಎಂಟರ ಮೇಲಿರಬೇಕಾದದ್ದು ಏಳೂವರೆಯತ್ತ ಜಾರಿತ್ತು. ಅಂಗಡಿಯವನು ಕೊಟ್ಟ ಪುಡಿ ಹಾಕಿದೆ. ಹಾಕಿದಾಗ ಏರಿತು, ಬೆಳಗ್ಗೆ ಮತ್ತೆ ಅಲ್ಲೇ. ಅವನ ಪುಡಿಗಿಷ್ಟು ಬೆಂಕಿ ಹಾಕ! ಕೊನೆಗೆ ಒಂದು ತಂಬಿಗೆ ನೀರನ್ನು ಮಾಳಿಗೆಗೆ ಒಯ್ದು, ನೆರಳಿನಲ್ಲಿಟ್ಟು ಗಾಳಿಗುಳ್ಳೆ ಬಿಟ್ಟೆ. ಏನೂ ಹಾಕದೆ ಪಿಎಚ್ ತಾನಾಗಿ ಏರಿತು. ಮುಚ್ಚಿದ ಮನೆಯಲ್ಲಿ ನಾವೇ ಬಿಟ್ಟ ಉಸಿರು ತುಂಬಿ, ನೀರಿಗಿಳಿದು ಅದನ್ನು ಹುಳಿಯಾಗಿಸುತ್ತಿತ್ತು.

ಹೊರಗಿನ ಗಾಳಿ ಸಿಗದಿದ್ದರೆ ಹವಳ ಉಳಿಯುವಂತಿರಲಿಲ್ಲ. ತಣ್ಣನೆಯ ಗಾಳಿ ಇದ್ದದ್ದು ಅಣ್ಣನ ಅಂಗಳದಲ್ಲಿ. ಮಾತು ಬಿಟ್ಟವನ ಬಾಗಿಲಿಗೆ ಹಲ್ಲು ಕಚ್ಚಿಕೊಂಡು ಹೋದೆ. ಗೋಡೆಗೊಂದು ತೂತು ಸಾಕು, ಬೆರಳು ದಪ್ಪದ ಪೈಪಿನಲ್ಲಿ ಗಾಳಿ ಎಳೆದು ನೇರ ನೀರಿಗೆ ಬಿಡುತ್ತೇನೆ ಎಂದೆ.

"ಹೊಡಸ್ಕೋ ತಮ್ಮಾ," ಎಂದ. "ಪಾಪ, ಮೂಕ ಪ್ರಾಣಿ. ನಮ್ಮ ಜಗಳದಾಗ ಅವು ಯಾಕ ಸಾಯಬೇಕು?"

ಗೌಂಡಿ ಬಂದ, ತೂತು ಕೊರೆದ. ಪಿಎಚ್ ಏರಿತು, ಹವಳಗಳು ಅರಳಿದವು. "ಮೂಕ ಪ್ರಾಣಿ ಅಂತ ಮರುಗಿದ. ಏನೇ ಆಗ್ಲಿ ಬೇ, ಅಣ್ಣನ ಕರುಳು ಒಳ್ಳೇದೈತಿ," ಎಂದೆ ಅವ್ವನಿಗೆ.

ಅವ್ವ ಮಂಚದ ಮೇಲೆ ಕೂತು ಪೈಪನ್ನೇ ನೋಡುತ್ತಿದ್ದಳು. "ನಾನೂ ಕೇಳಿದ್ದೆ ಅವನ್ನ," ಎಂದಳು.

"ಏನಂತ?"

"ಕಿಟಕಿ ತೆಗಸೋ ಯಪ್ಪಾ, ಉಸಿರು ಕಟ್ಟಿದಂಗ ಆಗತೈತಿ ಅಂತ. ಸಣ್ಣ ಮಗ ಹೇಳಿಕೊಟ್ಟು ಕಳಿಸ್ಯಾನ ಅಂತ ಬೈದ. ನಿನಗ ಹೇಳಿದ್ರ ಮತ್ತ ಹೊಡದಾಡ್ತೀರಿ ಅಂತ ಸುಮ್ನಾದೆ." ಮೀನಿನ ಕಡೆ ಕೈ ತೋರಿಸಿ ಅಂದಳು: "ನನಗ ಬಾಯಿ ಐತಲ್ಲೋ, ಅದಕ್ಕ."

ಮೈಯೆಲ್ಲ ಉರಿದುಹೋಯಿತು. ಆ ಪೈಪಿನಿಂದ ಮಂಚಕ್ಕೆ ಒಂದು ಉಸಿರೂ ಬರುವಂತಿರಲಿಲ್ಲ. ಅಂದೇ ಏಸಿ ಆರಿಸಿ ಬೀದಿ ಕಡೆಯ ಕಿಟಕಿ ತೆರೆದೆ. ಈಗ ನೀರಿನ ಮೇಲೆ ಕೆಂಧೂಳು ಕೂರುತ್ತದೆ, ಸೆಕೆಗೆ ಹವಳ ಒಂದೊಂದೇ ಬೆಳ್ಳಗಾಗಿ ಸಾಯುತ್ತಿದೆ. ಬೀದಿಯಲ್ಲಿ ಎದುರಾದಾಗಲೆಲ್ಲ ಅಣ್ಣ ನಿಂತು, "ಮೀನು ಹೆಂಗದಾವೋ?" ಎಂದು ಕೇಳುತ್ತಾನೆ. ಅವ್ವ ಹೇಗಿದ್ದಾಳೆಂದು ಇವತ್ತಿಗೂ ಕೇಳಿಲ್ಲ.