ಒಂದೇ ಮಾತು ಹೇಳಿದ ಇಬ್ಬರು

ನಮ್ಮ ಪಕ್ಕದ ಮನೆಯವಳನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಾರೆ. ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ನಿಂತು ನಿಂತೇ ಯೌವನ ಕಳೆದವಳು. ಸೊಂಟ ಕೈಕೊಟ್ಟ ಮೇಲೆ ಅವಳು ಕೆಲಸ ಬಿಟ್ಟಳು. ಕೆಲಸದವರು ಅವಳನ್ನು ಬಿಡಲಿಲ್ಲ. ಕೂಲಿ ಹಿಡಿದರೂ, ಗಡಿಯಾಚೆಯಿಂದ ಬಂದವರ ಗುರುತಿನ ಚೀಟಿಯನ್ನು ಮಾಲೀಕ ಕಿತ್ತಿಟ್ಟುಕೊಂಡರೂ ಎಲ್ಲರೂ ಬಂದು ಅವಳ ಅಡುಗೆಮನೆಯಲ್ಲಿ ಕೂರುತ್ತಾರೆ. ಕಾರ್ಮಿಕ ಕಚೇರಿಯ ಮೆಟ್ಟಿಲು ಸವೆದಿದ್ದರೆ ಅದರಲ್ಲಿ ಅವಳ ಪಾಲು ದೊಡ್ಡದು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎನ್ನುತ್ತಾನೆ ಗಂಡ. "ಊಟ ಬೇಕಾದ್ರೆ ನಾನೂ ಅರ್ಜಿ ಕೊಡ್ಬೇಕೇನೆ?"

"ಕೊಡಿ. ಮುಂದಿನ ತಿಂಗಳು ವಿಚಾರಣೆ ಇಡ್ತೀನಿ."

ಬೆಳಿಗ್ಗೆ ದೀಪ ಹಚ್ಚಿ, "ಇವತ್ತು ಯಾರೂ ಬರದೆ ಇರ್ಲಪ್ಪಾ ದೇವ್ರೇ," ಎಂದು ಬೇಡುತ್ತಾಳೆ. ಬೇಡಿ, ಎದ್ದು ಹೋಗಿ ಬಾಗಿಲು ತೆರೆದಿಡುತ್ತಾಳೆ.

ಹಾಗೆ ತೆರೆದ ಬಾಗಿಲಿಂದ ಒಂದು ದಿನ ಪುಟ್ಟಿ ಒಳಗೆ ಬಂದಳು. ಬಲಗೈಗೆ ಮೊಣಕೈತನಕ ಬ್ಯಾಂಡೇಜು. ಜೊತೆಗೆ ಅವಳ ಅಣ್ಣನ ಹೆಂಡತಿ, ಮತ್ತೆ ಎಲ್ಲರೂ ಉದ್ದಕ್ಕ ಎನ್ನುವ ಎತ್ತರದ ಹೆಂಗಸು. ಮೂವರೂ ತಮ್ಮ ನಾಡಿನ ಗಲಭೆಗೆ ಹೆದರಿ ಓಡಿ ಬಂದು ಅದೇ ಲಾಂಡ್ರಿ ಸೇರಿದವರು. ಒದ್ದೆ ಬಟ್ಟೆಯನ್ನು ಒಣಗಿಸಿ ಮಟ್ಟಮಾಡುವ ಬಿಸಿ ರೋಲರಿಗೆ ಪುಟ್ಟಿಯ ಕೈ ಸಿಕ್ಕಿತ್ತು. ಮಾಲೀಕ ಮಾತ್ರ, "ಅವಳು ನಮ್ಮ ಕೆಲಸದವಳೇ ಅಲ್ಲ. ಅತ್ತಿಗೆಗೆ ಊಟ ತಂದವಳು ಸುಮ್ಮನೆ ಯಂತ್ರ ಮುಟ್ಟಿದಳು," ಎಂದುಬಿಟ್ಟಿದ್ದ. ಕೆಲಸದವಳೆಂದು ಕಚೇರಿ ಒಪ್ಪದಿದ್ದರೆ ಕೈಗೆ ಮದ್ದೂ ಇಲ್ಲ, ಈ ನೆಲದಲ್ಲಿ ಇರಲು ಅನುಮತಿಯೂ ಇಲ್ಲ.

ಅತ್ತಿಗೆ ಮತ್ತು ಉದ್ದಕ್ಕ ಸಾಕ್ಷಿ ಹೇಳಲು ಒಪ್ಪಿದರು. ಆದರೆ ಅಧಿಕಾರಿಯ ಮುಂದೆ ಬಾಯಿ ಒಣಗುತ್ತದೆಂಬ ಭಯ. ಇಸ್ತ್ರಿಯಕ್ಕ ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಳು: "ಅವಳು ನಮ್ಮ ಜೊತೆ ಕೆಲಸ ಮಾಡ್ತಿದ್ಳು. ಅಯ್ಯೋ ದೇವ್ರೇ, ರೋಲರ್ ಒಂದೇ ಸಲಕ್ಕೆ ಎಳ್ಕೊಂಡ್ಬಿಡ್ತು. ನಾವು ತಕ್ಷಣ ನಿಲ್ಸಿ ಕೈ ಬಿಡ್ಸಿದ್ವಿ." ಅವರು ಪ್ರಾರ್ಥನೆ ಕಲಿಯುವವರಂತೆ ಶ್ರದ್ಧೆಯಿಂದ ಕಲಿತರು. ಅಕ್ಕನ ಮೇಲೆ ಅವರಿಗೆ ಅಷ್ಟು ನಂಬಿಕೆ.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ಕಿರ್ರೆನ್ನುತ್ತಿತ್ತು. ಮಾಲೀಕ ಬಂದಿರಲಿಲ್ಲ, ಮೇಸ್ತ್ರಿಯನ್ನು ಕಳಿಸಿದ್ದ. ಉದ್ದಕ್ಕ ಹೇಳಿ ಮುಗಿಸಿದಳು. ಆಮೇಲೆ ಅತ್ತಿಗೆ ನಿಂತಳು. ಅದೇ ಮಾತು, ಅದೇ ಜಾಗದಲ್ಲಿ ಅದೇ "ಅಯ್ಯೋ ದೇವ್ರೇ". ಅಕ್ಕ ಸುಸ್ತಾದಾಗ ಬಿಡುವ ನಿಟ್ಟುಸಿರು ಕೂಡ ಇಬ್ಬರ ಮಾತಿನಲ್ಲೂ ಹಾಗೇ ಇತ್ತು.

ಮೇಸ್ತ್ರಿ ನಕ್ಕ. "ಗಿಳಿಪಾಠ ಸಾರ್. ಟೀಚರಮ್ಮ ಅಲ್ಲೇ ಹಿಂದೆ ಕೂತಿದಾರೆ ನೋಡಿ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. ಅಕ್ಕನ ಕಿವಿ ಬಿಸಿಯಾಯಿತು. ಧೈರ್ಯಕ್ಕೆಂದು ಹೇಳಿಕೊಟ್ಟ ಮಾತು ಅವರ ಬಾಯನ್ನೇ ಕಟ್ಟಿತ್ತು.

"ಕೊನೇ ಪ್ರಶ್ನೆ," ಎಂದ ಅಧಿಕಾರಿ ಅತ್ತಿಗೆಗೆ. "ರೋಲರ್ ನಿಲ್ಲಿಸಿದ ಮೇಲೆ ಮೊದಲು ಏನು ಮಾಡಿದ್ರಿ?"

ಇದನ್ನು ಅಕ್ಕ ಕಲಿಸಿರಲಿಲ್ಲ. ಅತ್ತಿಗೆ ತಿರುಗಿ ಪುಟ್ಟಿಯನ್ನು ನೋಡಿದಳು. ಸೆರಗಿನ ತುದಿಯನ್ನು ಮುದ್ದೆ ಮಾಡಿಕೊಂಡಳು.

"ಬೆಡ್‌ಶೀಟ್ ಎಳ್ದೆ ಸಾರ್."

"ಏನು?"

"ಮೊದ್ಲು ಬೆಡ್‌ಶೀಟ್. ಆಮೇಲೆ ಕೈ. ಒಂದು ತುದಿ ಅವಳು ಹಿಡ್ದಿದ್ಳು, ಇನ್ನೊಂದು ನಾನು. ಸುಟ್ಟ್ರೆ ಇಬ್ರ ಸಂಬಳದಲ್ಲೂ ಹಿಡೀತಾರೆ. ಕೈ ತಾನಾಗೇ ಬಟ್ಟೆ ಕಡೆ ಹೋಯ್ತು ಸಾರ್. ಅವಳು ಕೂಗ್ತಾ ಇದ್ಳು. ನನಗೆ ಕೇಳಿಸ್ತು ಕೂಡ."

ಮೇಸ್ತ್ರಿಗೆ ರೋಷ ಬಂತು. "ನಮ್ಮನ್ನ ರಾಕ್ಷಸರ ಥರ ಹೇಳ್ಬೇಡಮ್ಮ! ಪೂರಾ ಎಲ್ಲಿ ಹಿಡಿದ್ವಿ? ಇಬ್ರಿಗೂ ಅರ್ಧರ್ಧ ದಿನದ ಸಂಬಳ ಅಷ್ಟೇ ಹಿಡಿದಿದ್ದು!"

ಅಧಿಕಾರಿ ಮುಚ್ಚಳ ತೆಗೆದ. "ಊಟ ತಂದವಳಿಗೂ ಸಂಬಳ ಕೊಡ್ತೀರೇನ್ರೀ ನೀವು?"

ಪುಟ್ಟಿ ಕೆಲಸದವಳೆಂದೂ, ಅದು ಕೆಲಸದಲ್ಲಾದ ಅಪಘಾತವೆಂದೂ ಆ ದಿನವೇ ಬರೆದರು. ಪರಿಹಾರ ಎಷ್ಟೆಂದು ಹೇಳಲು ಮತ್ತೊಂದು ದಿನ ಕೊಟ್ಟರು. ಗೆದ್ದವರಂತೆ ಯಾರೂ ಹೊರಗೆ ಬರಲಿಲ್ಲ. ಅತ್ತಿಗೆ ಎಲ್ಲರಿಗಿಂತ ಹಿಂದೆ, ಗೋಡೆಯ ಪಕ್ಕವೇ ನಡೆದಳು.

"ಇನ್ನು ಯಾರಿಗೂ ಏನೂ ಹೇಳ್ಕೊಡಲ್ಲ ಕಣೆ," ಎಂದು ಅಕ್ಕ ಆಮೇಲೆ ನನ್ನೊಡನೆ ಹೇಳಿದಳು. "ಕೇಳಿಸ್ಕೊಂಡ್ರೆ ಸಾಕಿತ್ತು. ನಾನು ಮೊದ್ಲೇ ಕೇಳ್ಳಿಲ್ಲ." ಹೇಳುವಾಗ ಬಿಸಿನೀರಿನ ಚೀಲವನ್ನು ಸೊಂಟಕ್ಕೆ ಒತ್ತಿಕೊಂಡಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಮತ್ಯಾರೋ ಚಪ್ಪಲಿ ಬಿಡುತ್ತಿದ್ದರು.

ಕಚೇರಿಯಿಂದ ಮರಳುವಾಗ ಬಸ್ಸಿನಲ್ಲಿ ನಡೆದದ್ದನ್ನೂ ಅವಳೇ ಹೇಳಿದ್ದು. ಅತ್ತಿಗೆ ಕೊನೆಯ ಸೀಟಿಗೆ ಹೋಗಿ ಒಬ್ಬಳೇ ಕೂತಿದ್ದಳು. ಪುಟ್ಟಿ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, ಆಮೇಲೆ ಎದ್ದು ಎಡಗೈಯಲ್ಲಿ ಕಂಬಿ ಹಿಡಿದು ಹಿಡಿದು ಹಿಂದೆ ಹೋದಳಂತೆ. ಪಕ್ಕದಲ್ಲಿ ಕೂತಳಂತೆ.

"ಆ ಬೆಡ್‌ಶೀಟ್ ಉಳೀತಾ ಅತ್ತಿಗೆ?"

"ಇಲ್ಲ. ಸುಟ್ಟೋಯ್ತು."

"ಹಾಳಾಗ್ಲಿ ಬಿಡು," ಎಂದಳಂತೆ ಪುಟ್ಟಿ. "ಸ್ವಲ್ಪ ಆ ಕಡೆ ಸರಿ, ಬ್ಯಾಂಡೇಜಿಗೆ ತಾಗ್ತಿದೆ." ಅತ್ತಿಗೆ ಸರಿದು ಕೂತಳು.