ಕಾಲಿಗೆ ಬುದ್ಧಿ ಹೇಳುವ ಮೇಡಂ

ಕಾಲಿಗೆ ಬುದ್ಧಿ ಹೇಳುವುದೆಂದರೆ ಲೋಕದವರಿಗೆಲ್ಲ ಓಡಿಹೋಗುವುದು. ಕಾಲ್ತೆಗಿ ಮೇಡಂಗೆ ಮಾತ್ರ ಅದು ಹೊಟ್ಟೆಪಾಡು. ಬೆಳಗಾದರೆ ಸಾಕು, ಡ್ರೈವಿಂಗ್ ಸ್ಕೂಲಿನ ಬಿಳಿ ಪುಟ್ಟ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ಕಂಡವರ ಕಾಲುಗಳಿಗೆ ಬುದ್ಧಿ ಹೇಳುತ್ತ ಬಂದವರು ಅವರು. ಕ್ಲಚ್ಚಿನ ಮೇಲೆ ಮಲಗಿ ಗೊರಕೆ ಹೊಡೆಯುವ ಕಾಲು, ಬ್ರೇಕೆಂದು ತಿಳಿದು ಆಕ್ಸಿಲರೇಟರನ್ನು ತುಳಿಯುವ ಕಾಲು, ಚಪ್ಪಲಿ ಕಳಚಿ ಅದನ್ನು ಪೆಡಲಿನಡಿಗೆ ತೂರಿಸಿ ಆಮೇಲೆ ಹುಡುಕುವ ಕಾಲು, ಇಂಥವನ್ನೆಲ್ಲ ಪಳಗಿಸಿ ರಸ್ತೆಗೆ ಬಿಟ್ಟಿದ್ದರು. ಹಳೆಯ ಶಿಷ್ಯರು ಎದುರಾಗಿ ನಮಸ್ಕಾರ ಎಂದರೆ ಮೇಡಂ ಮೊದಲು ನೋಡುವುದು ಪಾದ. ಅದರ ಗುರುತು ಹತ್ತಿದ ಮೇಲೆ ಮುಖ.

ಅವರ ಶಾಸ್ತ್ರವೆಲ್ಲ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು: "ಹೆದರಿಕೆ ಆಯ್ತಾ? ಕಾಲು ತೆಗಿ." ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಆ ಬಿಳಿ ಕಾರು ಹಾಲು ಕುಡಿದ ಕೂಸಿನಂತೆ ಸುಮ್ಮನಾಗುತ್ತಿತ್ತು. ಈ ಸಾಲನ್ನು ಆಫೀಸಿನ ಹೊರಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದರು. ಹಾಗಾಗಿಯೇ ಆ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನು ತಿರುಗಿಸಿದರೆ ಬೇರೆ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ.

ಮನೆಯಲ್ಲೂ ಇದೇ ಮಂತ್ರ. ತಮ್ಮನ ಮಗಳು ಒಮ್ಮೆ ಬಂದು, "ಅತ್ತೆ, ಹುಡುಗ ಒಳ್ಳೆಯವನೇ. ಆದ್ರೂ ಹೂಂ ಅನ್ನೋಕೆ ಯಾಕೋ ಹೆದರಿಕೆ ಆಗ್ತಿದೆ," ಎಂದಳು. ಅತ್ತೆ ಈರುಳ್ಳಿಯಿಂದ ಕಣ್ಣೆತ್ತದೆ ಮಂತ್ರ ಹೇಳಿದರು. ಹುಡುಗಿ ಕಾಲು ತೆಗೆದಳು. ಹುಡುಗ ಬೇರೊಬ್ಬಳನ್ನು ಮದುವೆಯಾಗಿ ಸುಖವಾಗಿದ್ದಾನೆ.

ಮೇಡಂನ ಮೊಟ್ಟಮೊದಲ ಶಿಷ್ಯ ಅವರ ಯಜಮಾನರೇ. ಡ್ರೈವಿಂಗ್ ಕಲಿಯಲು ಬಂದವರು ಲೈಸೆನ್ಸ್ ಸಿಕ್ಕಿದ ಮೇಲೂ ಬರುವುದನ್ನು ನಿಲ್ಲಿಸಲಿಲ್ಲ, ಕೊನೆಗೆ ಮದುವೆಯಾಗಬೇಕಾಯಿತು. ಅವರ ಕಸುಬು ಕಟ್ಟು ಹಲ್ಲು ತಯಾರಿಸುವುದು. ಕೆಲಸದ ಕೋಣೆಯ ಕಪಾಟುಗಳ ತುಂಬ ಜನರ ಮೇಲ್ದವಡೆ ಕೆಳದವಡೆಗಳ ಬಿಳಿ ಅಚ್ಚುಗಳು. ಅಷ್ಟೊಂದು ಬಾಯಿಗಳಿದ್ದೂ ಒಂದೂ ಎದುರು ಮಾತಾಡದ ಜಾಗ ಅದು. ಆದ್ದರಿಂದ ಅವರಿಗೆ ಮನೆಗಿಂತ ಅಲ್ಲೇ ಹೆಚ್ಚು ಆರಾಮ.

ಇಂಥ ಸಾಧು ಮನುಷ್ಯ ಒಂದು ಮಧ್ಯಾಹ್ನ ಕೆಂಪು ಕಾರೊಂದನ್ನು ಮನೆಮುಂದೆ ತಂದು ನಿಲ್ಲಿಸಿದರು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದಂಥ ಎತ್ತರ, ಮಾರುದ್ದ ಮೂತಿ. ಅದರ ಹಳೆಯ ಒಡೆಯನಿಗೆ ಮಂಡಿ ಮಡಚಿ ಒಳಗಿಳಿಯಲು ಆಗದೆ ಇವರಿಗೆ ಕೊಟ್ಟಿದ್ದ.

"ಸ್ಪೋರ್ಟ್ಸ್ ಕಾರು ಕಣೇ. ಟರ್ಬೊ ಇಲ್ಲ!" ಎಂದರು ಯಜಮಾನರು ಎದೆಯುಬ್ಬಿಸಿ.

"ಇರೋದನ್ನ ಹೇಳ್ಕೊಂಡು ಮೆರೆಯೋರನ್ನ ನೋಡಿದ್ದೆ. ಇಲ್ಲದ್ದನ್ನ ಹೇಳ್ಕೊಂಡು ಮೆರೆಯೋರನ್ನ ಇವತ್ತೇ ನೋಡಿದ್ದು."

"ಅದೇ ಇದರ ಚೆಂದ. ಇಂಜಿನ್ನಿಗೆ ಗಾಳಿ ಊದೋ ಟರ್ಬೊ ಇರೋ ಕೆಲವು ಕಾರು ಒತ್ತಿದ ಮೇಲೆ ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ದಬಕ್ಕಂತ ನುಗ್ಗುತ್ತೆ. ಇದು ಹಾಗಲ್ಲ. ಕಾಲು ಏನಂದ್ರೆ ಇಂಜಿನ್ನೂ ತಕ್ಷಣ ಅದೇ ಅನ್ನುತ್ತೆ. ಮುಂದಿನ ಚಕ್ರ ದಾರಿ ತೋರಿಸುತ್ತೆ, ಹಿಂದಿನ ಚಕ್ರ ತಳ್ಳುತ್ತೆ. ಕೆಲಸ ಹಂಚ್ಕೊಂಡಿವೆ."

"ಪುಣ್ಯ ಮಾಡಿವೆ," ಎಂದರು ಮೇಡಂ. "ಈ ಮನೇಲಿ ಎರಡೂ ನಾನೇ."

ಮುಂದಿನ ವಾರವೇ ನೀರಿನ ಟ್ಯಾಂಕಿನ ತಿರುವಿನಲ್ಲಿ ಯಜಮಾನರೆಂಬ ಮಹಾರಥಿಗಳ ಮೊದಲ ಪತನವಾಯಿತು. ಟ್ಯಾಂಕು ಸೋರಿ ಅಲ್ಲಿ ರಸ್ತೆ ಯಾವಾಗಲೂ ಒದ್ದೆ. ಕೆಂಪು ಕಾರು ತಿರುವಿಗೆ ಹೊಕ್ಕಿತು. ಅರ್ಧ ತಿರುಗುವಷ್ಟರಲ್ಲಿ ಅದರ ಹಿಂಭಾಗಕ್ಕೆ ತಾನೇ ಮುಂದೆ ಹೋಗಬೇಕೆಂಬ ಆಸೆ ಹುಟ್ಟಿತು. ಗಿರಕಿ ಹೊಡೆದು, ಮೂಲೆಮನೆಯ ಬೇಲಿಯ ಗಿಡಗಳಿಗೆ ಬೆನ್ನು ಉಜ್ಜಿ, ಬಂದ ದಾರಿಗೇ ಮುಖಮಾಡಿ ನಿಂತಿತು. ಯಾರಿಗೂ ಏಟಾಗಲಿಲ್ಲ. ಆದರೆ ಮೇಡಂ ಬಳಿ ಕಲಿಯುತ್ತಿದ್ದ ನರ್ಸಮ್ಮ ಕಣ್ಣಾರೆ ಕಂಡುಬಿಟ್ಟರು.

"ಮೇಡಂ, ನಿಮ್ಮೆಜಮಾನ್ರು ಹೋಗ್ತಾ ಹೋಗ್ತಾನೇ ಬಂದ್ಬಿಟ್ರು," ಎಂದು ಕ್ಲಾಸಿಗೆ ಬಂದೊಡನೆ ವರದಿ ಒಪ್ಪಿಸಿದರು.

ಅದೇ ತಿರುವು, ಅದೇ ಬೇಲಿ, ಮತ್ತೊಂದು ಗಿರಕಿ ಆಗಲು ಹೆಚ್ಚು ದಿನ ಬೇಕಾಗಲಿಲ್ಲ. ಈ ಸಲ ನೋಡಿದ್ದು ಕಟಿಂಗ್ ಅಂಗಡಿಯವನು. ಅವನೂ ಮೇಡಂನ ಶಿಷ್ಯನೇ. ಅವನು ನೋಡಿದನೆಂದರೆ ಕ್ಷೌರಕ್ಕೆ ತಲೆ ಬಗ್ಗಿಸುವವರೆಲ್ಲ ನೋಡಿದಂತೆ. ಡ್ರೈವಿಂಗ್ ಕಲಿಸುವವರ ಗಂಡನೇ ಬುಗುರಿಯಾದರೆ ಕಲಿಯಲು ಯಾರು ಬಂದಾರು?

"ಮಾರಿಬಿಡ್ರೀ ಅದನ್ನ," ಎಂದರು ಮೇಡಂ ಊಟಕ್ಕೆ ಕೂತಾಗ. "ತಿರುವಲ್ಲಿ ಜೋರಾಗಿ ಒತ್ತಿದ್ದೀರಿ. ಹಿಂದಿನ ಚಕ್ರ ಜಾರಿದೆ."

"ಒತ್ತಲಿಲ್ಲ."

"ಮತ್ತೇನು ಮಾಡಿದ್ರಿ?"

ಯಜಮಾನರು ತಟ್ಟೆ ಸರಿಸಿ ಹೇಳಿದರು: "ನೀನೇ ಓಡಿಸಿ ನೋಡು. ರಸ್ತೇಲಿ ಬೇಡ, ನಿನ್ನ ಪ್ರಾಕ್ಟೀಸ್ ಮೈದಾನದಲ್ಲಿ. ನೆಲ ಒದ್ದೆ ಮಾಡಿಸೋಣ. ಅದು ನಿನ್ನ ಮಾತು ಕೇಳಿ ನೆಟ್ಟಗೆ ಸುತ್ತಿ ಬಂದ್ರೆ ನಾಳೆನೇ ಮಾರ್ತೀನಿ. ನಿನ್ನನ್ನೂ ತಿರುಗಿಸಿ ನಿಲ್ಲಿಸಿದ್ರೆ ಕಾರು ಉಳಿಯುತ್ತೆ."

ಗಂಡ ಇಷ್ಟು ಉದ್ದ ಮಾತಾಡಿದ್ದು ಕೇಳಿಯೇ ಮೇಡಂ ಅರ್ಧ ಒಪ್ಪಿದರು. ಉಳಿದರ್ಧ ಒಪ್ಪಿಸಿದ್ದು ಅಹಂಕಾರ.

ಪ್ರಾಕ್ಟೀಸ್ ಮೈದಾನವೆಂದರೆ ಮುಚ್ಚಿದ ಗೋದಾಮಿನ ಹಿಂದಿನ ಕಾಂಕ್ರೀಟ್ ಅಂಗಳ. ನಡುವೆ ಒಂದು ಖಾಲಿ ಡ್ರಮ್ಮು, ಅದರ ಸುತ್ತ ತಿರುಗಿ ತಿರುಗಿ ಶಿಷ್ಯಕೋಟಿ ಸ್ಟೇರಿಂಗ್ ಕಲಿತದ್ದು. ಮರುದಿನ ಬೆಳಗ್ಗೆ ಕಟಿಂಗ್ ಅಂಗಡಿಯವನು ಅಂಗಡಿಯಲ್ಲಿ ಗಿರಾಕಿಯ ತಲೆಗೆ ಹಾಕುವಷ್ಟೇ ಶ್ರದ್ಧೆಯಿಂದ ಪೈಪು ಹಿಡಿದು ನೆಲಕ್ಕೆ ನೀರು ಹಾಕಿದ. ನರ್ಸಮ್ಮ ಯಾವುದಕ್ಕೂ ಇರಲಿ ಎಂದು ಬ್ಯಾಂಡೇಜ್ ತಂದಿದ್ದರು.

ಮೇಡಂ ಕೆಂಪು ಕಾರಿನೊಳಗೆ ಇಳಿದರು. ಹತ್ತಿದರು ಎನ್ನುವಂತಿರಲಿಲ್ಲ, ಬಾವಿಗೆ ಇಳಿದಂತೆಯೇ. ಡ್ರಮ್ಮಿನ ಸುತ್ತ ಒಂದು ಸುತ್ತು ಮೆಲ್ಲಗೆ ಹೋದರು. ಕಾರು ಪರಮ ವಿಧೇಯ. ಇನ್ನೊಂದು ಸುತ್ತು, ತುಸು ಬೇಗ. ಕಾಲನ್ನು ಕೂದಲೆಳೆಯಷ್ಟು ಒತ್ತಿದರೂ ಇಂಜಿನ್ನು ಕೂದಲೆಳೆಯಷ್ಟು ಹೆಚ್ಚು ಹಾಡುತ್ತಿತ್ತು. ಇಷ್ಟು ಹೇಳಿದ ಮಾತು ಕೇಳುವ ಶಿಷ್ಯ ಅವರಿಗೆ ಈವರೆಗೆ ಸಿಕ್ಕಿರಲೇ ಇಲ್ಲ. ಮೇಡಂಗೆ ಖುಷಿಯಾಯಿತು. ಖುಷಿ ಪಾದಕ್ಕಿಳಿಯಿತು. ಮೂರನೆಯ ಸುತ್ತಿನಲ್ಲಿ ಬೆನ್ನ ಹಿಂದೆ, ಸೀಟಿನ ಬುಡದಲ್ಲಿ, ಏನೋ ಚೂರು ಸರಿದಂತಾಯಿತು.

ಹೆದರಿಕೆ ಆಯ್ತು.

ಕಾಲು ತೆಗೆದರು.

ಹಾಗೆ ತಟ್ಟನೆ ತೆಗೆದದ್ದೇ ತಡ, ಕಾರಿನ ಭಾರವೆಲ್ಲ ಮೂಗಿನ ಕಡೆ ವಾಲಿತು, ಹಿಂದಿನ ಚಕ್ರಗಳು ಹಗುರಾದವು. ಹಗುರಾದ ಚಕ್ರಕ್ಕೆ ಒದ್ದೆ ನೆಲದ ಹಿಡಿತ ಎಲ್ಲಿಂದ ಬರಬೇಕು? ಬಾಲ ಆಚೆಗೆ ಬೀಸಿತು. ಗೋದಾಮಿನ ಬಾಗಿಲು, ಕಟಿಂಗ್ ಅಂಗಡಿಯವನು, ಡ್ರಮ್ಮು, ನರ್ಸಮ್ಮ, ಮತ್ತೆ ಗೋದಾಮಿನ ಬಾಗಿಲು, ಮತ್ತೆ ಕಟಿಂಗ್ ಅಂಗಡಿಯವನು, ಎಲ್ಲರೂ ಸರದಿಯಲ್ಲಿ ಬಂದು ದರ್ಶನ ಕೊಟ್ಟು ಹೋದರು. ಕಾರು ಹಿಂದುಮುಂದಾಗಿ ನಿಂತಿತು.

ಪೈಪು ಹಿಡಿದವನು ಹಾಗೇ ಹತ್ತಿರ ಬಂದ.

"ಮೇಡಂ," ಎಂದ ಕಟಿಂಗ್ ಅಂಗಡಿಯವನು ವಿನಯದಿಂದ, "ಇವತ್ತು ರಿವರ್ಸ್ ಪಾಠಾನಾ?"

ಯಜಮಾನರು ಬಂದು ಕಾರಿನ ಕಿಟಕಿಯ ಬಳಿ ಕುಕ್ಕರಗಾಲಲ್ಲಿ ಕೂತರು. "ಕಾಲು ತೆಗೆದ್ಯಾ?"

"ಹೂಂ."

"ನಾನೂ ಅಷ್ಟೇ."

"ಎರಡು ಸಲಾನೂ?"

"ಎರಡು ಸಲಾನೂ. ನಿನ್ನ ಶಿಷ್ಯ ಅಲ್ವಾ?"

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ನಂಬ್ತಿದ್ಯಾ? ಆಳೆತ್ತರ ಬರೆಸಿದ್ದೀಯಲ್ಲ ಗೋಡೆ ಮೇಲೆ."

ಅಷ್ಟರಲ್ಲಿ ನರ್ಸಮ್ಮ ಬ್ಯಾಂಡೇಜಿಗೆ ಕೆಲಸ ಸಿಗದ ಬೇಸರವನ್ನು ನುಂಗಿಕೊಂಡು ಒಂದು ಉಪಾಯ ಹುಡುಕಿಕೊಟ್ಟರು. "ಮೇಡಂ, ಟೈರೇ ಸವೆದಿರ್ಬೇಕು. ಕಾರಿನದೇ ದೋಷ. ನೀವೇನು ಮಾಡೋಕಾಗುತ್ತೆ?"

ಬಾಗಿಲು ತೆರೆದಿಟ್ಟಂಥ ಮಾತು. ಹೌದು ಎಂದುಬಿಟ್ಟರೆ ಗೋಡೆಯ ಸಾಲು ಉಳಿಯುತ್ತದೆ, ಕೆಟ್ಟ ಕಾರೆಂದು ಕೆಂಪು ಕಾರು ಹೊರಟುಹೋಗುತ್ತದೆ, ಪಂದ್ಯದ ಮಾತನ್ನು ಗಂಡ ಎತ್ತುವುದೂ ಇಲ್ಲ. ಅವರ ಸ್ವಭಾವ ಮೇಡಂಗೆ ಗೊತ್ತಿಲ್ಲವೇ? ಅವರು ಗಂಡನ ಮುಖ ನೋಡಿದರು. ಯಜಮಾನರು ಟೈರನ್ನು ಅಂಗೈಯಿಂದ ಒರೆಸುತ್ತಿದ್ದರು, ಯಾರದೋ ಹೊಸ ಹಲ್ಲಿಗೆ ಕೊನೆಯ ಹೊಳಪು ಕೊಡುವವರ ಹಾಗೆ.

"ಟೈರು ಹೊಸದಾಗೇ ಇದೆ," ಎಂದರು ಮೇಡಂ ಎಲ್ಲರಿಗೂ ಕೇಳುವಂತೆ. "ಸವೆದಿರೋದು ನನ್ನ ಪಾಠ. ರೀ, ಹತ್ಕೊಳ್ಳಿ."

ಅಂದು ಮಧ್ಯಾಹ್ನದವರೆಗೆ ಡ್ರಮ್ಮಿನ ಸುತ್ತ ಮಹಾಯುದ್ಧ ನಡೆಯಿತು. ಮೇಡಂ ಗಿರಕಿ ಹೊಡೆದರು, ನಿಂತರು, ಬೈದರು, ಮತ್ತೆ ಹೊರಟರು. ತಿರುವಿನಲ್ಲಿ ಕಾಲು ಹಠ ಮಾಡಿ ಮೇಲೇಳಲು ನೋಡುತ್ತಿತ್ತು; ಎಷ್ಟೋ ವರ್ಷ ಪರರ ಕಾಲಿಗೆ ಹೇಳಿದ ಬುದ್ಧಿಯನ್ನು ಅದು ಕದ್ದು ಕೇಳಿಸಿಕೊಂಡಿತ್ತಲ್ಲ. ಕೊನೆಗೆ ಸೂತ್ರ ಕೈಗೆ, ಅಲ್ಲ, ಕಾಲಿಗೆ ಹತ್ತಿತು. ವೇಗ ಇಳಿಸುವುದಿದ್ದರೆ ತಿರುವು ಬರುವ ಮೊದಲೇ, ನೇರ ದಾರಿಯಲ್ಲಿರುವಾಗಲೇ ಇಳಿಸಬೇಕು. ಹೊಕ್ಕ ಮೇಲೆ ಪಾದ ಒಂದೇ ಸಮನಿರಬೇಕು, ಒತ್ತಿದರೂ ಸಡಿಲಿಸಿದರೂ ಮೆಲ್ಲಗೆ. ಬಾಲ ಬೀಸಿದರೆ ಬೀಸಿದ ಕಡೆಗೇ ಸ್ಟೇರಿಂಗ್ ತುಸು ಕೊಟ್ಟು, ಹೋಗಬೇಕಾದ ಕಡೆಗೆ ಕಣ್ಣಿಡಬೇಕು. ಕಡೆಯ ಸುತ್ತಿನಲ್ಲಿ ಕೆಂಪು ಕಾರು ಬಾಲವನ್ನೊಮ್ಮೆ ಆಡಿಸಿ, ಮನಸ್ಸು ಬದಲಿಸಿ, ನೆಟ್ಟಗಾಯಿತು. ಕಟಿಂಗ್ ಅಂಗಡಿಯವನು ಪೈಪನ್ನೇ ಮೇಲೆತ್ತಿ ಜಯಕಾರ ಹಾಕಿದ. ನರ್ಸಮ್ಮ ನೆನೆದುಹೋದರು.

ಪಂದ್ಯದ ಪ್ರಕಾರ ಕಾರು ಉಳಿಯಿತು. ಗೋಡೆಯ ಸಾಲು ಉಳಿಯಲಿಲ್ಲ. ಪೇಂಟರ್ ಬಂದು ಹಳೆಯದನ್ನು ಅಳಿಸಿ ಹೊಸದನ್ನು ಬರೆದ: "ಹೆದರೋದಿದ್ರೆ ತಿರುವಿಗೆ ಮೊದಲೇ ಹೆದರು." ಮೇಡಂನ ಹೆಸರು ಮಾತ್ರ ಬದಲಾಗಲಿಲ್ಲ, ಹೊಸ ಸಾಲನ್ನು ಯಾರ ನಾಲಗೆಯೂ ಹೆಸರಾಗಿ ಮಡಚಲು ಒಪ್ಪಲಿಲ್ಲ.

ತಮ್ಮನ ಮಗಳು ಗೋಡೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಓದಿದಳು. "ಇದನ್ನ ಮೊದಲೇ ಹೇಳ್ಬಾರ್ದಿತ್ತಾ ಅತ್ತೆ?"

"ಮೊದಲು ನನಗೆ ಗೊತ್ತಿರ್ಲಿಲ್ಲ ಕಣೇ. ಮುಂದಿನ ತಿರುವಿಗೆ ಬರುತ್ತೆ, ಇಟ್ಕೋ."

ಆ ಭಾನುವಾರ ಗಂಡಹೆಂಡತಿ ನೀರಿನ ಟ್ಯಾಂಕಿನ ಕಡೆ ಹೊರಟರು. ಸ್ಟೇರಿಂಗ್ ಮೇಡಂ ಕೈಯಲ್ಲಿ. ಮೂಲೆಮನೆಯವನು ಕೆಂಪು ಬಣ್ಣ ಕಂಡೊಡನೆ ಬೇಲಿಗೆ ಅಡ್ಡ ಬಂದು ನಿಂತ. ಮೇಡಂ ದೂರದಲ್ಲೇ ವೇಗ ಇಳಿಸಿ, ಪಾದವನ್ನು ಮೆಲ್ಲಗೆ ಊರಿ, ಒದ್ದೆ ತಿರುವನ್ನು ಸುತ್ತಿದರು. ಏನೂ ಆಗಲಿಲ್ಲ. ಮೂಲೆಮನೆಯವನಿಗೆ ತುಸು ನಿರಾಸೆಯಾದಂತೆ ಕಂಡಿತು.

"ರೀ, ನಿಮ್ಮ ಕಾಲು ಯಾಕೆ ಹಾಗೆ ನೆಲ ಒತ್ತುತ್ತಿದೆ?"

"ಬ್ರೇಕು ಹುಡುಕ್ತಿದೆ."

"ಸಿಗಲ್ಲ ಬಿಡಿ," ಎಂದು ಮೇಡಂ ಗೇರು ಬದಲಾಯಿಸಿದರು. "ಆ ಕಡೆ ಸೀಟಿನ ಕಷ್ಟ ನನಗೆ ಗೊತ್ತು."